ಅಪಘಾತದ ಗಾಯ: ಮೊದಲ ಚೀಟಿಯಲ್ಲಿ ಏನು ಬರೆಸಿದಿರಿ?

“ಬೈಕಿನಿಂದ ಬಿದ್ದದ್ದು ಡಾಕ್ಟ್ರೇ.”

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಯಾವ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಒಂದು ಸಂಜೆ ಕುಳಿತರೂ ಈ ಮಾತು ಕೇಳಿಬರುತ್ತದೆ. ಹೇಳುವವರು ಹೆಚ್ಚಾಗಿ ಗಾಯಾಳುವಲ್ಲ; ರಸ್ತೆ ಬದಿಯಿಂದ ಎತ್ತಿ ರಿಕ್ಷಾದಲ್ಲಿ ಕೂರಿಸಿಕೊಂಡು ಬಂದ ಪುಣ್ಯಾತ್ಮರು. ಬಿದ್ದದ್ದು ನಿಜವೇ. ಹಿಂದಿನಿಂದ ಬಂದ ಕಾರು ತಾಗಿ ಬಿದ್ದದ್ದು ಎಂಬ ಉಳಿದ ಅರ್ಧ ಮಾತ್ರ ಆ ಗಡಿಬಿಡಿಯಲ್ಲಿ ಯಾರ ಬಾಯಿಂದಲೂ ಹೊರಡುವುದಿಲ್ಲ. ಕರ್ತವ್ಯದಲ್ಲಿರುವ ವೈದ್ಯರು ಕೇಳಿದ್ದನ್ನು ಬರೆದುಕೊಳ್ಳುತ್ತಾರೆ: ‘ದ್ವಿಚಕ್ರ ವಾಹನದಿಂದ ಬಿದ್ದು ಗಾಯ’. ಅಷ್ಟೆ. ಎರಡು ವರ್ಷ ಕಳೆದು ಪರಿಹಾರದ ಅರ್ಜಿ ವಿಚಾರಣೆಗೆ ಬಂದಾಗ ವಿಮಾ ಕಂಪನಿಯ ವಕೀಲರು ಇದೇ ಸಾಲಿನ ಮೇಲೆ ಬೆರಳಿಟ್ಟು, “ಈತ ತಾನಾಗಿ ಜಾರಿ ಬಿದ್ದದ್ದು, ಕಾರನ್ನು ಆಮೇಲೆ ಸೇರಿಸಿದ್ದು” ಎಂದು ವಾದಿಸುತ್ತಾರೆ. ಆಗ ಗಾಯಾಳು ಎಷ್ಟು ಆಣೆ ಪ್ರಮಾಣ ಮಾಡಿದರೂ ಆ ಸಾಲು ಅಲ್ಲಿಂದ ಅಳಿಯುವುದಿಲ್ಲ.

ಆರೋಗ್ಯದ ಅಂಕಣದಲ್ಲಿ ಕೋರ್ಟು ಕಚೇರಿಯ ಮಾತು ಏಕೆ ಎಂದು ನೀವು ಕೇಳಬಹುದು. ಅಪಘಾತದಲ್ಲಿ ತೊಡೆಯ ಎಲುಬು ಮುರಿದವನಿಗೆ ಮೊದಲ ಶಸ್ತ್ರಚಿಕಿತ್ಸೆಗೆ ಹೇಗಾದರೂ ಹಣ ಹೊಂದುತ್ತದೆ. ಬಂಧುಗಳು ಕೊಡುತ್ತಾರೆ, ಸೊಸೈಟಿಯಲ್ಲಿ ಚಿನ್ನ ಅಡವಿಡುತ್ತಾರೆ. ಆಮೇಲಿನ ಆರು ತಿಂಗಳ ವ್ಯಾಯಾಮ ಚಿಕಿತ್ಸೆ, ರಾಡು ತೆಗೆಯುವ ಎರಡನೇ ಶಸ್ತ್ರಚಿಕಿತ್ಸೆ, ಕೆಲಸವಿಲ್ಲದ ತಿಂಗಳುಗಳ ಊಟ, ಇವಕ್ಕೆ ಹಣ ಇರುವುದಿಲ್ಲ. ಹಣವಿಲ್ಲದೆ ವ್ಯಾಯಾಮ ಬಿಟ್ಟು ಮೊಣಕಾಲು ಮಡಚಲಾಗದೆ ಉಳಿದವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಪರಿಹಾರಧನವೂ ಒಂದು ಔಷಧವೇ ಎಂಬುದು ನನ್ನ ಅಭಿಪ್ರಾಯ. ಅದು ಸಿಗುವುದೂ ಕೈತಪ್ಪುವುದೂ ಬಹುಮಟ್ಟಿಗೆ ನಿರ್ಧಾರವಾಗುವುದು ಕೋರ್ಟಿನಲ್ಲಿ ಅಲ್ಲ, ವೈದ್ಯರ ಮೇಜಿನ ಮುಂದೆ, ಮೊದಲ ಕೆಲವು ದಿನಗಳಲ್ಲಿ.

ಹಾಗಾದರೆ ಮೊದಲ ಆಸ್ಪತ್ರೆಯಲ್ಲಿ ಹೇಳಬೇಕಾದದ್ದೇನು? ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾವ ವಾಹನದಲ್ಲಿದ್ದಾಗ, ಯಾವ ವಾಹನ ತಾಗಿತು. ಕಾರಿನ ನಂಬರು ಗೊತ್ತಿದ್ದರೆ ನಂಬರು, ಗೊತ್ತಿಲ್ಲದಿದ್ದರೆ ‘ನಂಬರು ತಿಳಿಯದ ಬಿಳಿ ಕಾರು’ ಎಂದೇ ಹೇಳಿ. ವೈದ್ಯರು ಅದನ್ನು ಪೊಲೀಸ್ ಸಂಬಂಧಿತ ಪ್ರಕರಣಗಳ ರಿಜಿಸ್ಟರಿನಲ್ಲಿ ದಾಖಲಿಸಿ ಠಾಣೆಗೆ ಸೂಚನೆ ಕಳುಹಿಸುತ್ತಾರೆ. ಇದಕ್ಕೆ ಹೆದರಬೇಡಿ. ಪೊಲೀಸರು ಬರುವವರೆಗೆ ಚಿಕಿತ್ಸೆ ಕೊಡುವುದಿಲ್ಲ ಎಂಬ ಹಳೆಯ ಭಯ ಇನ್ನೂ ನಮ್ಮ ಊರುಗಳಲ್ಲಿದೆ. ಜೀವ ಉಳಿಸುವ ಚಿಕಿತ್ಸೆಗೆ ಪೊಲೀಸ್ ವಿಧಿವಿಧಾನಗಳು ಅಡ್ಡಿಯಾಗಬಾರದು ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಗಾಯಾಳುವನ್ನು ಕರೆತಂದವರಿಗೆ ರಕ್ಷಣೆ ಕೊಡಲು ಕರ್ನಾಟಕ 2016ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು. 2019ರ ತಿದ್ದುಪಡಿಯ ಮೂಲಕ ಅಂಥ ರಕ್ಷಣೆ ಕೇಂದ್ರದ ಮೋಟಾರು ವಾಹನ ಕಾಯಿದೆಯಲ್ಲೂ ಸೇರಿತು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಗುರುವಾಯನಕೆರೆಯ ಬಳಿ ಬಿದ್ದವನಿಗೆ ಮೊದಲು ಅಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಬ್ಯಾಂಡೇಜು, ಆಮೇಲೆ ತಾಲೂಕು ಆಸ್ಪತ್ರೆ, ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಮಂಗಳೂರು. ಮೂಡುಬಿದಿರೆಯವರಿಗೂ ಬಿ.ಸಿ. ರೋಡಿನವರಿಗೂ ದೂರ ಕಡಿಮೆ, ಕತೆ ಅದೇ. ಮೂರು ಕಡೆ ಮೂವರು ಬೇರೆ ಬೇರೆ ಜನ ಮೂರು ರೀತಿಯಲ್ಲಿ ಹೇಳುತ್ತಾರೆ. ಕ್ಲಿನಿಕ್ಕಿನ ಚೀಟಿಯಲ್ಲಿ ‘ಬಿದ್ದದ್ದು’, ತಾಲೂಕು ಆಸ್ಪತ್ರೆಯಲ್ಲಿ ‘ಬೈಕ್ ಸ್ಕಿಡ್’, ಮಂಗಳೂರಿನಲ್ಲಿ ‘ಕಾರು ಡಿಕ್ಕಿ’. ಮೂರನೆಯದು ಸತ್ಯವಾಗಿದ್ದರೂ ಓದುವವರಿಗೆ ಅದು ದಾರಿಯಲ್ಲಿ ಯಾರೋ ಹೇಳಿಕೊಟ್ಟ ಸತ್ಯದಂತೆ ಕಾಣುತ್ತದೆ. ಆದ್ದರಿಂದ ಮನೆಯವರು ತಲುಪಿದೊಡನೆ ಮೊದಲು ಮಾಡಬೇಕಾದ ಕೆಲಸ, ಹಿಂದಿನ ಆಸ್ಪತ್ರೆಯ ಚೀಟಿಯಲ್ಲಿ ಏನಿದೆ ಎಂದು ಓದಿಸಿ ನೋಡುವುದು. ತಪ್ಪಿದ್ದರೆ ಆ ದಿನವೇ, ಹೆಚ್ಚೆಂದರೆ ಮರುದಿನ, ವೈದ್ಯರಿಗೆ ಹೇಳಿ. ಹಳೆಯದನ್ನು ಅಳಿಸಿ ಬರೆಯಲು ಅವರಿಗೆ ಅಧಿಕಾರವಿಲ್ಲ, ಹಾಗೆ ಮಾಡಲೂ ಬಾರದು. ಆದರೆ ಗಾಯಾಳುವಿಗೆ ಪ್ರಜ್ಞೆ ಬಂದ ಮೇಲೆ ಸ್ವತಃ ಹೀಗೆ ಹೇಳಿದರು ಎಂದು ದಿನ, ಸಮಯ ಹಾಕಿ ಹೊಸದಾಗಿ ದಾಖಲಿಸಬಹುದು. 24 ಗಂಟೆಯೊಳಗಿನ ಈ ತಿದ್ದುಪಡಿಗೂ ಎರಡು ತಿಂಗಳ ನಂತರದ್ದಕ್ಕೂ ಅಜಗಜಾಂತರ ವ್ಯತ್ಯಾಸ.

ಸುಳ್ಳು ಬರೆಯಲು ಒತ್ತಾಯಿಸುವವರೂ ಇದ್ದಾರೆ. ತಾನಾಗಿ ಚರಂಡಿಗೆ ಬಿದ್ದವನಿಗೆ ಒಂದು ಕಾರನ್ನು ಹುಡುಕುವುದು, ವಿಮೆ ಇಲ್ಲದ ಪಿಕಪ್ಪಿನ ಬದಲು ವಿಮೆ ಇರುವ ಭಾವನ ಕಾರನ್ನು ತೋರಿಸುವುದು, ಲೈಸೆನ್ಸು ಇಲ್ಲದ ಹುಡುಗನ ಬದಲು ಅವನ ಅಪ್ಪನೇ ಸವಾರ ಎನ್ನುವುದು. “ಮದ್ಯದ ವಾಸನೆ ಇತ್ತು ಅಂತ ಒಂದು ಬರೀಬೇಡಿ ಡಾಕ್ಟ್ರೇ” ಎಂಬ ಬೇಡಿಕೆಯಂತೂ ಜಾತ್ರೆ, ಮದುವೆ, ಆಟ, ಕಂಬಳದ ಸೀಸನಿನಲ್ಲಿ ತಪ್ಪುವುದಿಲ್ಲ. ಬರೆಯುತ್ತೇನೆ, ಬರೆಯಲೇಬೇಕು. ಸವಾರ ಕುಡಿದಿದ್ದ ಮಾತ್ರಕ್ಕೆ ಕಾರಿನವನ ತಪ್ಪು ಇಲ್ಲವಾಗುವುದಿಲ್ಲ. ಇಬ್ಬರ ತಪ್ಪನ್ನೂ ತೂಗಿ ಪರಿಹಾರವನ್ನು ಅಷ್ಟರ ಮಟ್ಟಿಗೆ ಕಡಿತ ಮಾಡುವ ಕ್ರಮ ಕಾನೂನಿನಲ್ಲಿದೆ. ಆದರೆ ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಹತ್ತು ಸತ್ಯಗಳನ್ನೂ ಯಾರೂ ನಂಬುವುದಿಲ್ಲ. ಮೇಲಾಗಿ ಅದು ಅಪರಾಧ. ತಾನೇ ಬಿದ್ದ ವಾಹನ ಮಾಲಕರಿಗೆ ಬೇರೆ ದಾರಿ ಇಲ್ಲದಿಲ್ಲ: ಮಾಲಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ 15 ಲಕ್ಷ ರೂಪಾಯಿಯದ್ದು, ಮರಣಕ್ಕೂ ಶಾಶ್ವತ ಅಂಗವೈಕಲ್ಯಕ್ಕೂ ಸಲ್ಲುತ್ತದೆ. ಕಂತು ಕಟ್ಟಿದ್ದೀರೋ ಇಲ್ಲವೋ ಎಂದು ಇವತ್ತೇ ಪಾಲಿಸಿ ತೆಗೆದು ನೋಡಿ.

ರಸ್ತೆ ಬದಿಯ ರಾಜಿ

ನಮ್ಮ ಊರುಗಳಲ್ಲಿ ಪ್ರಕರಣ ಕೆಡುವುದು ಹೆಚ್ಚಾಗಿ ಒಳ್ಳೆಯತನದಿಂದ. ಕಾರಿನವರು ಗುರುತಿನವರೇ ಆಗಿರುತ್ತಾರೆ, ಇಲ್ಲವೇ ಗುರುತಿನವರ ಗುರುತಿನವರು. ಊರಿನ ನಾಲ್ಕು ಜನ ಸೇರುತ್ತಾರೆ. “ಪೊಲೀಸ್ ಕೇಸು ಎಂತಕ್ಕೆ, ಆಸ್ಪತ್ರೆ ಖರ್ಚು ಅವರು ಕೊಡ್ತಾರೆ” ಎಂದು ತೀರ್ಮಾನವಾಗುತ್ತದೆ. ಐದು ಸಾವಿರವೋ ಹತ್ತು ಸಾವಿರವೋ ಕೈಗೆ ಬರುತ್ತದೆ. ಕೆಲವೊಮ್ಮೆ ಒಂದು ಬಿಳಿ ಹಾಳೆಯಲ್ಲಿ ಸಹಿಯೂ ಆಗುತ್ತದೆ.

ವೇಣೂರು ಕಡೆಯ ಒಬ್ಬರು ಹಿರಿಯರು, 70ರ ಆಸುಪಾಸು, ಹೀಗೆಯೇ ರಾಜಿಯಾಗಿ ಮನೆಗೆ ಹೋದರು. ಹಣೆಯಲ್ಲಿ ಸಣ್ಣ ಗಾಯ, ಮೂರು ಹೊಲಿಗೆ. ಹೃದಯಕ್ಕೆಂದು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂರು ವಾರದ ನಂತರ ಸೊಸೆ ಅವರನ್ನು ನನ್ನಲ್ಲಿಗೆ ಕರೆತಂದದ್ದು ಬೇರೆಯೇ ದೂರಿನೊಂದಿಗೆ. “ಮಾವ ಈಗೀಗ ಹೇಳಿದ್ದನ್ನೇ ಹೇಳ್ತಾರೆ, ಯಾವಾಗಲೂ ಮಲಗ್ತಾರೆ, ನಡೆಯುವಾಗ ಎಡಗಾಲು ಎಳೀತಾರೆ.” ಸ್ಕ್ಯಾನಿನಲ್ಲಿ ಮೆದುಳಿನ ಹೊದಿಕೆಯಡಿ ನಿಧಾನವಾಗಿ ರಕ್ತ ಕಟ್ಟಿತ್ತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಬದುಕಿದರು. ಖರ್ಚು ಲಕ್ಷ ದಾಟಿತು. ಕಾರಿನವರಿಂದ ಬಂದದ್ದು ಐದು ಸಾವಿರ, ಠಾಣೆಯಲ್ಲಿ ದೂರಿಲ್ಲ, ಹೊಲಿಗೆ ಹಾಕಿದಲ್ಲಿ ಅಪಘಾತದ ಉಲ್ಲೇಖವೂ ಇಲ್ಲ.

ಕೆಲವು ಪೆಟ್ಟುಗಳು ತಡವಾಗಿ ಮುಖ ತೋರಿಸುತ್ತವೆ ಎಂಬುದನ್ನು ದಯವಿಟ್ಟು ನೆನಪಿಡಿ. ವಯಸ್ಸಾದವರ ತಲೆಯ ಪೆಟ್ಟು ವಾರಗಳ ನಂತರ. ಹೊಟ್ಟೆಯ ಎಡಭಾಗಕ್ಕೆ ಹ್ಯಾಂಡಲ್ ತಾಗಿದ್ದರೆ ಗುಲ್ಮದ ರಕ್ತಸ್ರಾವ ಕೆಲವು ದಿನಗಳ ನಂತರವೂ ಆಗಬಹುದು. ಹೆಬ್ಬೆರಳಿನ ಬುಡದ ಸಣ್ಣ ಎಲುಬಿನ ಬಿರುಕು ಮೊದಲ ದಿನದ ಎಕ್ಸ್-ರೇಯಲ್ಲಿ ಕಾಣದೆ, ಎರಡು ವಾರದ ನಂತರದ್ದರಲ್ಲಿ ಕಾಣುವುದುಂಟು. ತಲೆಗೆ ಪೆಟ್ಟಾದ ಕೆಲವರಿಗೆ ವಾಸನೆಯೇ ತಿಳಿಯದಾಗುತ್ತದೆ. ಮನೆಯಲ್ಲಿ ಅನ್ನ ತಳ ಹಿಡಿದರೂ ಗೊತ್ತಾಗುವುದಿಲ್ಲ. ಇದನ್ನು ವೈದ್ಯರಿಗೆ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ನಿದ್ರೆ ಬಾರದಿರುವುದು, ವಾಹನದ ಸದ್ದಿಗೆ ಬೆಚ್ಚಿಬೀಳುವುದು, ಮತ್ತೆ ಬೈಕು ಹತ್ತಲು ಕೈ ನಡುಗುವುದು, ಇವೂ ಅಪಘಾತದ ಗಾಯಗಳೇ. ನಾಚಿಕೊಳ್ಳದೆ ಹೇಳಿ, ಬರೆಸಿಕೊಳ್ಳಿ, ಚಿಕಿತ್ಸೆ ಪಡೆಯಿರಿ.

ನೆರೆಯವರ ಮುಖ ನೋಡುವುದು ಹೇಗೆ ಎಂಬ ಸಂಕೋಚಕ್ಕೂ ಒಂದು ಉತ್ತರವಿದೆ. ರಸ್ತೆಗೆ ಇಳಿಯುವ ಪ್ರತಿ ವಾಹನಕ್ಕೂ ಮೂರನೆಯವರ ಹಾನಿಯ ವಿಮೆ ಕಡ್ಡಾಯ. ವಿಮೆ ಜಾರಿಯಲ್ಲಿದ್ದು, ಚಾಲಕರ ಲೈಸೆನ್ಸು ಇತ್ಯಾದಿ ಸರಿ ಇದ್ದರೆ ಪರಿಹಾರ ಕೊಡುವುದು ಕಂಪನಿ, ನಿಮ್ಮ ನೆರೆಯವರಲ್ಲ. ಚಾಲಕರ ಮೇಲೆ ಕೇಸು ಆಗುತ್ತದೆ ನಿಜ. ಅದರ ಕಿರಿಕಿರಿ ತಪ್ಪಿಸಲು ಗಾಯಾಳುವಿನ ಕುಟುಂಬ ಜೀವಮಾನವಿಡೀ ಸಾಲ ತೀರಿಸಬೇಕೆಂಬ ನ್ಯಾಯ ನನಗೆ ಅರ್ಥವಾಗುವುದಿಲ್ಲ. ಕಾರಿನವರು ಕೈಯಿಂದ ಆಸ್ಪತ್ರೆ ಖರ್ಚು ಕೊಟ್ಟರೆ ಸಂತೋಷ, ಸ್ವೀಕರಿಸಿ. ದೂರು ಕೊಡುವುದಿಲ್ಲ ಎಂಬ ಹಾಳೆಗೆ ಮಾತ್ರ ಸಹಿ ಹಾಕಬೇಡಿ.

ದೂರು ಕೊಡಲು ಒಂದೆರಡು ದಿನ ತಡವಾಯಿತೆಂದು ಕೈಚೆಲ್ಲಲೂ ಬೇಡ. ಜನ ಮೊದಲು ಗಾಯಾಳುವಿನ ಕಡೆ ಓಡುತ್ತಾರೆಯೇ ಹೊರತು ಠಾಣೆಗಲ್ಲ, ತಡವಾದದ್ದೊಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಬಂಟ್ವಾಳ, ಬೆಳ್ತಂಗಡಿಗಳು ಜಿಲ್ಲಾ ಪೊಲೀಸರ ವ್ಯಾಪ್ತಿಗೆ, ಮೂಡುಬಿದಿರೆ ಮಂಗಳೂರು ಪೊಲೀಸ್ ಕಮಿಷನರೇಟಿಗೆ ಸೇರಿರುವುದರಿಂದ ಗಡಿಭಾಗದಲ್ಲಿ ಯಾವ ಠಾಣೆ ಎಂಬ ಗೊಂದಲ ಆಗಬಹುದು. 112ಕ್ಕೆ ಫೋನು ಮಾಡಿದರೆ ಅವರೇ ಹೇಳುತ್ತಾರೆ. 2022ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳುಹಿಸಬೇಕು. ಅದರ ಪ್ರತಿಯನ್ನು ಕೇಳಿ ಪಡೆಯಿರಿ.

ಡಿಕ್ಕಿ ಹೊಡೆದು ನಿಲ್ಲಿಸದೆ ಹೋದ ವಾಹನ ಪತ್ತೆಯಾಗದಿದ್ದರೂ ಬರಿಗೈ ಅಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಇದೆ. ಅರ್ಜಿ ಕೊಡಬೇಕಾದದ್ದು ಕೋರ್ಟಿಗಲ್ಲ, ಅಪಘಾತವಾದ ತಾಲೂಕಿನ ಕಂದಾಯ ಅಧಿಕಾರಿಗಳಿಗೆ. ‘ತೀವ್ರ ಗಾಯ’ ಎಂದರೆ ನೋವು ತೀವ್ರ ಎಂದಲ್ಲ, ಕಾನೂನಿನಲ್ಲಿ ಅದಕ್ಕೆ ಪಟ್ಟಿಯೇ ಇದೆ: ಎಲುಬು ಅಥವಾ ಹಲ್ಲು ಮುರಿಯುವುದು, ಕೀಲು ತಪ್ಪುವುದು, ಕಣ್ಣು ಕಿವಿ ಕಳೆದುಕೊಳ್ಳುವುದು, ಮುಖ ಶಾಶ್ವತವಾಗಿ ವಿಕಾರವಾಗುವುದು ಮುಂತಾಗಿ. ದಿನನಿತ್ಯದ ಕೆಲಸ ಮಾಡಲಾಗದೆ 15 ದಿನ ಕಳೆದರೂ ಅದು ತೀವ್ರ ಗಾಯವೇ. 2024ರ ಜುಲೈಗೆ ಮೊದಲು ಇದು 20 ದಿನ ಇತ್ತು. ಮುರಿದ ಒಂದು ಹಲ್ಲನ್ನು ಬರೆಸದೆ ಬಿಟ್ಟರೆ ಗಾಯದ ಪ್ರಮಾಣಪತ್ರದಲ್ಲಿ ‘ಸಾಮಾನ್ಯ’ ಎಂದಾಗುತ್ತದೆ ಎಂಬುದನ್ನು ಇದರಿಂದ ನೀವೇ ತಿಳಿಯಬಹುದು.

ಎಲುಬು ಕಟ್ಟಿಸುವ ಮೊದಲು

ಈಗ ಕೆಲವರಿಗೆ ಇಷ್ಟವಾಗದ ಮಾತು. ನಮ್ಮ ಕಡೆ ಎಲುಬು ಮುರಿದರೆ ನಾಟಿ ವೈದ್ಯರಲ್ಲಿ ಕಟ್ಟಿಸುವವರು ಇಂದಿಗೂ ಬಹಳ. ಅವರಲ್ಲಿ ಅನುಭವಸ್ಥರು ಇಲ್ಲವೆಂದು ನಾನು ಹೇಳುವುದಿಲ್ಲ. ಗುಣವಾದವರನ್ನೂ ಕಂಡಿದ್ದೇನೆ, ಸೊಟ್ಟಗೆ ಕೂಡಿದ ಕೈಯನ್ನೂ, ಬಿಗಿಯಾದ ಕಟ್ಟಿನಿಂದ ಬೆರಳು ಕಪ್ಪಾದ ಮಗುವನ್ನೂ ಕಂಡಿದ್ದೇನೆ. ಆ ಚರ್ಚೆ ಇನ್ನೊಂದು ವಾರಕ್ಕೆ ಇರಲಿ. ಎಲ್ಲಿ ಕಟ್ಟಿಸುವುದಾದರೂ ಮೊದಲು ಒಂದು ಎಕ್ಸ್-ರೇ ಆಗಲಿ, ಒಬ್ಬರು ವೈದ್ಯರು ನೋಡಿ ಬರೆದಿರಲಿ. ಎಕ್ಸ್-ರೇ ಇಲ್ಲದ ಮುರಿತಕ್ಕೆ ಕೋರ್ಟಿನಲ್ಲಿ ಸಾಕ್ಷಿಯಿಲ್ಲ. ಎಣ್ಣೆಯ ಕಟ್ಟಿಗೆ ರಶೀದಿ ಇಲ್ಲ.

ಚಿಕಿತ್ಸೆ ನಡುವೆ ನಿಲ್ಲಿಸುವುದೂ ಅಷ್ಟೇ ಹಾನಿಕರ. ಒಂದೂವರೆ ತಿಂಗಳಿಗೆ ಬನ್ನಿ ಎಂದರೆ ಬಾರದೆ, ಎಂಟು ತಿಂಗಳಿಗೆ ಪ್ರಮಾಣಪತ್ರ ಕೇಳಲು ಬರುವವರಿದ್ದಾರೆ. ನಡುವಿನ ಆರೂವರೆ ತಿಂಗಳು ನೋವಿತ್ತೆಂದು ಯಾರು ನಂಬಬೇಕು? “ನೋವಿದ್ದರೆ ಬರುತ್ತಿದ್ದರಲ್ಲ” ಎಂದು ಎದುರು ವಕೀಲರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ವ್ಯಾಯಾಮ ಚಿಕಿತ್ಸೆಗೆ ಪ್ರತಿದಿನ ಮಂಗಳೂರಿಗೆ ಹೋಗಲು ಆಗದಿದ್ದರೆ ಹಾಗೆಂದು ವೈದ್ಯರಿಗೆ ಹೇಳಿ. ಮನೆಯಲ್ಲಿ ಮಾಡುವ ವ್ಯಾಯಾಮವನ್ನು ಕಲಿಸಿ ಅದನ್ನೇ ಚೀಟಿಯಲ್ಲಿ ಬರೆಯುತ್ತಾರೆ. ಕಾಲೂ ಸರಿಯಾಗುತ್ತದೆ, ದಾಖಲೆಯೂ ಉಳಿಯುತ್ತದೆ.

ಇನ್ನು ಅಂಗವೈಕಲ್ಯದ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಹೆಚ್ಚಿನ ಹಣ ಸೋರಿಹೋಗುವುದು ಇಲ್ಲಿಯೇ. 38 ವರ್ಷದ ಒಬ್ಬ ಅಡಿಕೆ ಕೊಯ್ಯುವವನನ್ನು ಊಹಿಸಿಕೊಳ್ಳಿ. ಮೊಣಕಾಲಿನ ಮುರಿತ ಕೂಡಿದೆ, ನಡೆಯುತ್ತಾನೆ, ಆದರೆ ಕಾಲು ಪೂರ್ತಿ ಮಡಚುವುದಿಲ್ಲ. ಆ ಕಾಲಿನ ವೈಕಲ್ಯ ಶೇ. 30 ಎಂದು ಎಲುಬಿನ ತಜ್ಞರು ಬರೆದರು. ಕೈಕಾಲಿನ ವೈಕಲ್ಯದ ಮೂರನೇ ಒಂದು ಪಾಲನ್ನು ಇಡೀ ದೇಹದ್ದೆಂದು ಹಿಡಿಯುವ ರೂಢಿ ನಮ್ಮ ರಾಜ್ಯದ ಕೋರ್ಟುಗಳಲ್ಲಿದೆ, ಅಂದರೆ ಶೇ. 10. ತಿಂಗಳಿಗೆ 15 ಸಾವಿರ ರೂಪಾಯಿ ಆದಾಯ ಎಂದಿಟ್ಟುಕೊಂಡರೆ ವರ್ಷಕ್ಕೆ 1,80,000. ಆ ವಯಸ್ಸಿಗೆ ಸುಪ್ರೀಂ ಕೋರ್ಟು 2009ರಲ್ಲಿ ನಿಗದಿ ಮಾಡಿದ ಗುಣಕ 15. ಗುಣಿಸಿದರೆ 27 ಲಕ್ಷ, ಅದರ ಶೇ. 10 ಎಂದರೆ 2,70,000 ರೂಪಾಯಿ. ಆದರೆ ತಳೆ ಹಾಕಿ ಮರ ಹತ್ತುವವನಿಗೆ ಮಡಚದ ಮೊಣಕಾಲು ಎಂದರೆ ಕಸುಬೇ ಹೋದಂತೆ. ಗಳಿಕೆಯ ಶಕ್ತಿಯಲ್ಲಿ ಶೇ. 40 ಹೋಯಿತೆಂದು ಕೋರ್ಟು ಒಪ್ಪಿದರೆ ಅದೇ ಲೆಕ್ಕ 10,80,000ಕ್ಕೆ ಏರುತ್ತದೆ. ಕಾಲು ಒಂದೇ, ಎಕ್ಸ್-ರೇ ಒಂದೇ.

ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದ್ದು ನಮ್ಮ ರಾಜ್ಯದ ಹೈಕೋರ್ಟಿನಲ್ಲೂ ನ್ಯಾಯಾಧೀಶರಾಗಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಸುಪ್ರೀಂ ಕೋರ್ಟಿನಲ್ಲಿದ್ದಾಗ 2010ರ ಅಕ್ಟೋಬರಿನಲ್ಲಿ ಬರೆದ ತೀರ್ಪು. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಗಳಿಕೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು ಆಗಬಹುದು, ಸರಕಾರಿ ಗುಮಾಸ್ತನಾಗಿದ್ದು ಕೆಲಸ ಉಳಿದಿದ್ದರೆ ಏನೂ ಆಗದಿರಬಹುದು ಎಂಬ ಉದಾಹರಣೆ ಅದರಲ್ಲಿದೆ. ದೇಹದ ವೈಕಲ್ಯ ಎಷ್ಟೆಂದು ಹೇಳುವುದು ವೈದ್ಯರ ಕೆಲಸ. ಅದರಿಂದ ಗಳಿಕೆ ಎಷ್ಟು ಹೋಯಿತೆಂದು ತೀರ್ಮಾನಿಸುವುದು ನ್ಯಾಯಮಂಡಳಿಯ ಕೆಲಸ. ಆದರೆ ವೈದ್ಯರ ಚೀಟಿಯಲ್ಲಿ ‘ಅಡಿಕೆ ಕೊಯ್ಲಿನ ಕೆಲಸ, ಕುಕ್ಕುರುಗಾಲಲ್ಲಿ ಕೂರಲಾಗುವುದಿಲ್ಲ, ಮರ ಹತ್ತಲಾಗುವುದಿಲ್ಲ’ ಎಂಬ ಮಾತುಗಳಿಲ್ಲದಿದ್ದರೆ ನ್ಯಾಯಮಂಡಳಿಗೆ ತಿಳಿಯುವುದಾದರೂ ಹೇಗೆ? ಆದ್ದರಿಂದ ನಿಮ್ಮ ಕಸುಬು ಏನೆಂದು ಮೊದಲ ದಿನವೇ ಬರೆಸಿ. ‘ಕೂಲಿ’ ಎಂದು ಬರೆಸಬೇಡಿ. ರಬ್ಬರು ಟ್ಯಾಪಿಂಗೋ, ಗಾರೆ ಕೆಲಸವೋ, ಪಿಕಪ್ ಡ್ರೈವರೋ, ಬೀಡಿ ಕಟ್ಟುವುದೋ, ಅದನ್ನೇ ಹೇಳಿ. ಮಣಿಕಟ್ಟು ಮುರಿದ ಹೆಂಗಸಿಗೆ ಎಲೆ ಸುತ್ತುವ ಬೆರಳುಗಳ ಚುರುಕು ಹೋದರೆ ದಿನಕ್ಕೆ ಕಟ್ಟುವ ಬೀಡಿ ಅರ್ಧಕ್ಕಿಳಿಯುತ್ತದೆ. ಹೊರಗಿನಿಂದ ನೋಡಿದರೆ ಕೈ ಸರಿಯಾಗಿಯೇ ಇರುತ್ತದೆ.

ಆದಾಯಕ್ಕೆ ದಾಖಲೆ ಎಲ್ಲಿದೆ ಎಂದು ಹೆದರುವವರಿಗೆ ಒಂದು ಮಾತು. ಬೀಡಿ ಬ್ರಾಂಚಿನ ಲೆಕ್ಕದ ಪುಸ್ತಕ, ಹಾಲಿನ ಸೊಸೈಟಿಯ ಪುಸ್ತಕ, ಅಡಿಕೆ ಮಾರಿದ ಕ್ಯಾಂಪ್ಕೊ ಬಿಲ್ಲು, ರಬ್ಬರು ಮಾರಿದ ರಶೀದಿ ಇವೆಲ್ಲ ದಾಖಲೆಗಳೇ. ಏನೂ ಇಲ್ಲದಿದ್ದರೂ ಬಾಗಿಲು ಮುಚ್ಚಿಲ್ಲ. 2004ರಲ್ಲಿ ಗಾಯಗೊಂಡ ಕರ್ನಾಟಕದ ಒಬ್ಬ ಕೂಲಿಕಾರನ ತಿಂಗಳ ಆದಾಯ 4,500 ರೂಪಾಯಿ ಎಂಬ ಮಾತನ್ನು ನ್ಯಾಯಮಂಡಳಿ 3,000ಕ್ಕೆ ಇಳಿಸಿತ್ತು. 2011ರಲ್ಲಿ ಸುಪ್ರೀಂ ಕೋರ್ಟು 4,500ನ್ನೇ ಒಪ್ಪಿತು, ಕೂಲಿಕಾರನಿಂದ ಕಾಗದಪತ್ರ ನಿರೀಕ್ಷಿಸಲಾಗದು ಎಂಬ ನೆಲೆಯಲ್ಲಿ. ಮನೆಯಲ್ಲೇ ದುಡಿಯುವ ಗೃಹಿಣಿಯ ಶ್ರಮಕ್ಕೂ ಆದಾಯವನ್ನು ಅಂದಾಜು ಮಾಡಬೇಕೆಂದು ಅದೇ ಕೋರ್ಟು 2021ರ ಜನವರಿಯಲ್ಲಿ ಮತ್ತೆ ಹೇಳಿದೆ. “ಅವಳಿಗೆ ಕೆಲಸ ಇಲ್ಲ, ಮನೆಯಲ್ಲಿ ಇರುವುದು” ಎಂದು ಗಂಡಂದಿರು ಆಸ್ಪತ್ರೆಯಲ್ಲಿ ಬರೆಸುವುದನ್ನು ಇನ್ನಾದರೂ ಬಿಡಬೇಕು. ದನ, ತೋಟ, ಅಡುಗೆ, ಮುದುಕರ ಚಾಕರಿ ಎಲ್ಲ ಮಾಡುವವಳು ಅವಳೇ ತಾನೆ?

ಪ್ರಮಾಣಪತ್ರದ ವ್ಯಾಪಾರ

ಇಲ್ಲಿ ನನ್ನ ವೃತ್ತಿಯವರ ಬಗ್ಗೆಯೂ ಹೇಳಬೇಕು. ಚಿಕಿತ್ಸೆಯನ್ನೇ ಕೊಡದೆ, ಒಮ್ಮೆ ನೋಡಿ, ಕೇಳಿದಷ್ಟು ಶೇಕಡಾ ಬರೆದುಕೊಡುವ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ಎಚ್ಚರದಿಂದಿರಿ ಎಂದು ಮೇಲೆ ಹೇಳಿದ ತೀರ್ಪೇ ನ್ಯಾಯಮಂಡಳಿಗಳನ್ನು ಎಚ್ಚರಿಸಿದೆ. ಓದುವಾಗ ವೈದ್ಯನಾಗಿ ತಲೆತಗ್ಗಿಸುವಂತಾಗುತ್ತದೆ. ಇಂಥ ಉದಾರ ಪ್ರಮಾಣಪತ್ರಗಳಿಂದ ನಷ್ಟವಾಗುವುದು ವಿಮಾ ಕಂಪನಿಗಲ್ಲ, ಪ್ರಾಮಾಣಿಕ ಗಾಯಾಳುವಿಗೆ. ಅವನ ನಿಜವಾದ ಶೇ. 30ನ್ನೂ ಅನುಮಾನದಿಂದ ನೋಡುತ್ತಾರೆ. ಇನ್ನೊಂದು ಕಡೆ, ಚಿಕಿತ್ಸೆ ಕೊಟ್ಟ ವೈದ್ಯರೇ ಸಾಕ್ಷಿ ಹೇಳಲು ಬರುವುದಿಲ್ಲ. ಹೊರರೋಗಿಗಳು ಕಾಯುತ್ತಿರುತ್ತಾರೆ, ಕೋರ್ಟಿನಲ್ಲಿ ಇಡೀ ದಿನ ಕುಳಿತರೆ ಕೊನೆಗೆ ಮುಂದೂಡಿಕೆ. ಈ ಕಷ್ಟವನ್ನೂ ಆ ತೀರ್ಪು ಗುರುತಿಸಿ, ವೈದ್ಯರ ಸಾಕ್ಷ್ಯವನ್ನು ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ಅಥವಾ ಕಮಿಷನರ ಮೂಲಕ ದಾಖಲಿಸಿಕೊಳ್ಳುವ ದಾರಿಗಳನ್ನು ಸೂಚಿಸಿದೆ. ಆದರೂ ನನ್ನ ಸಹೋದ್ಯೋಗಿಗಳಿಗೆ ಒಂದು ಬಿನ್ನಹ: ಎಲುಬು ಕೂಡಿಸಿದರೆ ಅರ್ಧ ಕೆಲಸ, ಆ ಒಂದು ದಿನದ ಸಾಕ್ಷಿ ಉಳಿದರ್ಧ.

ಆಸ್ಪತ್ರೆಯ ಬಾಗಿಲಲ್ಲೇ “ಕ್ಲೇಮು ಮಾಡಿಸಿಕೊಡ್ತೇವೆ, ಬಂದದ್ದರಲ್ಲಿ ಶೇಕಡಾ ಇಷ್ಟು” ಎನ್ನುವವರನ್ನು ನಂಬಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ. ವಕೀಲರ ಶುಲ್ಕ ಕೊಡಲಾಗದವರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಇದೆ. 1987ರ ಕಾಯಿದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ನೆರವು ಸಲ್ಲುತ್ತದೆ.

ಅವಧಿಯ ವಿಷಯ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿ, ಅವಧಿ ಮೀರಿತೆಂದು ಅರ್ಜಿಗಳನ್ನು ತಳ್ಳಿಹಾಕಬಾರದೆಂಬ ಮಧ್ಯಂತರ ಆದೇಶ 2025ರ ನವೆಂಬರಿನಲ್ಲಿ ಬಂದಿತು. ಮಧ್ಯಂತರ ಆದೇಶವನ್ನು ನೆಚ್ಚಿ ಕೂರಬೇಡಿ, ಆರು ತಿಂಗಳೊಳಗೇ ಹಾಕಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೇ ಹಾಕಬಹುದು. ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರು ಜಿಲ್ಲೆಯ ಗಡಿ ದಾಟಿದ ಮೇಲೆ ಡಿಕ್ಕಿಯಾಯಿತೆಂದು ಬೆಳ್ತಂಗಡಿಯವರು ಘಾಟಿ ಹತ್ತಿ ಇಳಿಯುತ್ತಾ ಇರಬೇಕಾಗಿಲ್ಲ. ಯಾರ ತಪ್ಪೆಂದು ಸಾಬೀತು ಮಾಡಲಾಗದ ಪ್ರಕರಣಗಳಿಗೆ ತಪ್ಪಿನ ಪ್ರಶ್ನೆ ಎತ್ತದೆ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೊಡುವ ಕಲಮೂ ಇದೆ. ಯಾವ ದಾರಿ ನಿಮಗೆ ಲಾಭವೆಂದು ವಕೀಲರಲ್ಲಿ ಕೇಳಿಯೇ ಆರಿಸಿಕೊಳ್ಳಿ. ಅಪಘಾತದ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ 5ರಂದು ಪ್ರಕಟವಾಗಿದೆ. ಆಸ್ಪತ್ರೆಗೆ ಸೇರಿಸುವಾಗಲೇ ಇದನ್ನು ಕೇಳಿ, ಬಿಲ್ಲು ಕಟ್ಟಿದ ಮೇಲಲ್ಲ.

ಅರ್ಜಿ ಬೇಗ ಹಾಕಬೇಕು, ಇತ್ಯರ್ಥಕ್ಕೆ ಅವಸರ ಬೇಡ. ಲೋಕ ಅದಾಲತಿನಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಅಲ್ಲಿಗೆ ಹೋಗುವ ಮೊದಲು ನಿಮ್ಮ ವೈದ್ಯರಲ್ಲಿ ಎರಡು ಪ್ರಶ್ನೆ ಕೇಳಿ ಬನ್ನಿ: ಇನ್ನು ಇದಕ್ಕಿಂತ ಗುಣವಾಗುವುದು ಬಾಕಿ ಇದೆಯೇ, ರಾಡು ಅಥವಾ ಪ್ಲೇಟು ತೆಗೆಯಲು ಎಷ್ಟು ಖರ್ಚು? ಎರಡನೆಯದನ್ನು ಬರಹದಲ್ಲಿ ಪಡೆಯಿರಿ. ಮುಂದಿನ ಚಿಕಿತ್ಸೆಯ ವೆಚ್ಚವೂ ಪರಿಹಾರದಲ್ಲಿ ಸೇರುತ್ತದೆ, ಆದರೆ ಬರಹವಿಲ್ಲದೆ ಸೇರುವುದಿಲ್ಲ.

ಕಾಗದಪತ್ರಗಳನ್ನು ಕೊಡಲು ಸತಾಯಿಸುವ ಆಸ್ಪತ್ರೆಗಳಿವೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು, ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು ಎಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ. ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಆರೋಗ್ಯ ವಿಮೆಯ ಕಂಪನಿಗೆ ಮೂಲ ಬಿಲ್ಲು ಕೊಡಬೇಕಾಗಿ ಬಂದರೆ ಅದಕ್ಕೆ ಮೊದಲು ಆಸ್ಪತ್ರೆಯ ಮೊಹರಿನ ದೃಢೀಕೃತ ಪ್ರತಿ ಮಾಡಿಸಿಟ್ಟುಕೊಳ್ಳಿ. ಆಂಬುಲೆನ್ಸ್, ರಿಕ್ಷಾ, ಜೊತೆಗೆ ನಿಂತವರ ಊಟ, ಕೆಲಸ ತಪ್ಪಿದ ದಿನಗಳು ಇವನ್ನೆಲ್ಲ ಮಕ್ಕಳ ಹಳೆಯ ನೋಟು ಪುಸ್ತಕದಲ್ಲಿ ತಾರೀಕು ಹಾಕಿ ಬರೆಯುತ್ತಾ ಹೋಗಿ.

ನಮ್ಮ ಮಳೆಗಾಲಕ್ಕೆ ಸಂಬಂಧಿಸಿದ ಒಂದು ವಿಷಯ ಉಳಿಯಿತು. ಮೆಡಿಕಲ್ ಅಂಗಡಿಯ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲಿನ ಅಕ್ಷರಗಳು ಒಂದು ವರ್ಷದೊಳಗೆ ಮಾಸಿ ಬಿಳಿ ಹಾಳೆಯಾಗುತ್ತವೆ. ಸಿಕ್ಕಿದ ದಿನವೇ ಜೆರಾಕ್ಸ್ ಮಾಡಿಸಿ ಅದರ ಜೊತೆಗೇ ಪಿನ್ನು ಹಾಕಿ, ಫೋನಿನಲ್ಲೂ ಒಂದು ಫೋಟೊ ಇರಲಿ. ಎಕ್ಸ್-ರೇ ಫಿಲ್ಮುಗಳು ಆಷಾಢದ ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಎಳೆದರೆ ಚಿತ್ರವೇ ಕಿತ್ತುಬರುತ್ತದೆ. ನಡುನಡುವೆ ಕಾಗದ ಇಟ್ಟು, ಮಡಚದೆ, ಅಟ್ಟಕ್ಕೆ ಹಾಕದೆ, ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.